ಬೋಟಿನ ಸ್ಟಾರ್ಟರ್ ಮೋಟರ್: ದುರಸ್ತಿಯೋ, ಬದಲಾವಣೆಯೋ?

ಜುಲೈ ತಿಂಗಳ ಕೊನೆಯ ವಾರ ಬಂತೆಂದರೆ ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರದ ಮೀನುಗಾರಿಕಾ ಬಂದರುಗಳಿಗೆ ಮತ್ತೆ ಜೀವಕಳೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿದ್ದ ಬೋಟುಗಳು ಕಡಲಿಗಿಳಿಯಲು ಸಜ್ಜಾಗುತ್ತವೆ. ಬಲೆ ಹೆಣೆದಾಗಿದೆ, ಬಣ್ಣ ಬಳಿದಾಗಿದೆ, ಹಗ್ಗ ಬದಲಾಯಿಸಿಯಾಗಿದೆ. ಇನ್ನು ಉಳಿದಿರುವುದು ಎಂಜಿನ್ ಚಾಲೂ ಮಾಡಿ ನೋಡುವ ಕೆಲಸ. ಕೀಲಿಕೈ ತಿರುಗಿಸಿದರೆ ಎಂಜಿನ್ ಕೋಣೆಯಿಂದ 'ಟಕ್' ಎಂಬ ಒಂದೇ ಸದ್ದು, ಅನಂತರ ಮೌನ.

ಮೇ ತಿಂಗಳ ಕೊನೆಯಲ್ಲಿ ಸರಿಯಾಗಿಯೇ ಇದ್ದ ಸ್ಟಾರ್ಟರ್ ಮೋಟರ್, ಬಂದರಿನ ಆಡುಮಾತಿನಲ್ಲಿ ಹೇಳುವುದಾದರೆ 'ಸೆಲ್ಫ್', ಎರಡು ತಿಂಗಳ ಮಳೆ ಹಾಗೂ ಉಪ್ಪುಗಾಳಿಗೆ ಕೈಕೊಟ್ಟಿರುತ್ತದೆ. ಆಗ ಸಲಹೆಗಳ ಸುರಿಮಳೆಯೇ ಆಗುತ್ತದೆ. 'ಬ್ರಶ್ ಹಾಕಿಸಿದರೆ ಸಾಕು, ಇನ್ನೆರಡು ವರ್ಷ ಓಡುತ್ತದೆ' ಎನ್ನುತ್ತಾರೆ ಒಬ್ಬರು. 'ಹಳೆಯದಕ್ಕೆ ದುಡ್ಡು ಸುರಿಯಬೇಡಿ, ಹೊಸತನ್ನೇ ಕೂರಿಸಿ' ಎನ್ನುತ್ತಾರೆ ಇನ್ನೊಬ್ಬರು. ಎರಡೂ ಸಲಹೆಗಳು ಒಂದೊಂದು ಸಂದರ್ಭದಲ್ಲಿ ಸರಿಯೇ. ಯಾವ ಸಂದರ್ಭದಲ್ಲಿ ಯಾವುದು ಸರಿ ಎಂಬುದನ್ನು ಬೋಟಿನ ಮಾಲೀಕರೂ ತಾಂಡೇಲರೂ ತಾವೇ ಅಳೆದು ನೋಡಲು ಸಾಧ್ಯವೇ? ಸಾಧ್ಯವಿದೆ. ಅದಕ್ಕೆ ಈ ಪುಟ್ಟ ಯಂತ್ರದ ಕಾರ್ಯವಿಧಾನವನ್ನು ಸ್ವಲ್ಪ ಅರಿತಿರಬೇಕು, ಅಷ್ಟೆ.

ಕೆಲವೇ ಕ್ಷಣಗಳ ದುಡಿಮೆ

ಎಂಜಿನ್ ತಾನಾಗಿಯೇ ಓಡಲಾರಂಭಿಸುವುದಿಲ್ಲ. ಮೊದಲ ಕೆಲವು ಸುತ್ತುಗಳನ್ನು ಹೊರಗಿನಿಂದ ಯಾರಾದರೂ ತಿರುಗಿಸಿಕೊಡಬೇಕು. ಹಿಂದೆ ಆ ಕೆಲಸವನ್ನು ಹ್ಯಾಂಡಲ್ ಹಾಕಿ ತೋಳಿನ ಬಲದಿಂದಲೇ ಮಾಡಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅಭಿವೃದ್ಧಿಪಡಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅಳವಟ್ಟ ಮೇಲೆ ಆ ಶ್ರಮ ಕ್ರಮೇಣ ಕಡಿಮೆಯಾಯಿತು. ಎಂಜಿನ್ ತಿರುಗಿಸುವ ಮೋಟರ್ ದಿನವಿಡೀ ಓಡಬೇಕಾಗಿಲ್ಲ, ಕೆಲವು ಸೆಕೆಂಡು ದುಡಿದರೆ ಸಾಕು. ಹಾಗಾಗಿ ಗಾತ್ರ ಚಿಕ್ಕದಾಗಿದ್ದರೂ ಅದರಿಂದ ಬಹಳಷ್ಟು ಶಕ್ತಿಯನ್ನು ಹಿಂಡಬಹುದು ಎಂಬುದೇ ಇದರ ಮೂಲಸೂತ್ರ. ಇಂದಿನ ಬೋಟುಗಳ ಸ್ಟಾರ್ಟರ್‌ಗೂ ಇದೇ ಸೂತ್ರ ಅನ್ವಯಿಸುತ್ತದೆ. ಅದರ ಗುಣವೂ ಇದೇ, ದೋಷವೂ ಇದೇ.

ಕೀಲಿಕೈ ತಿರುಗಿಸಿದಾಗ ಮೋಟರಿನ ಬೆನ್ನಿಗೆ ಅಂಟಿಕೊಂಡಿರುವ ಸೊಲೆನಾಯ್ಡ್ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಮೊದಲನೆಯದಾಗಿ, ಬೆಂಡಿಕ್ಸ್ ಎಂದು ಕರೆಯಲಾಗುವ ಹಲ್ಲುಚಕ್ರದ ಜೋಡಣೆಯನ್ನು ಮುಂದಕ್ಕೆ ತಳ್ಳಿ ಎಂಜಿನ್ನಿನ ಫ್ಲೈವೀಲ್ ರಿಂಗಿಗೆ ಕಚ್ಚಿಸುತ್ತದೆ. ಎರಡನೆಯದಾಗಿ, ತಾಮ್ರದ ದಪ್ಪ ಕಾಂಟ್ಯಾಕ್ಟ್‌ಗಳನ್ನು ಕೂಡಿಸಿ ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹಾಯಿಸುತ್ತದೆ. ಆ ವಿದ್ಯುತ್ತು ಕಾರ್ಬನ್ ಬ್ರಶ್‌ಗಳ ಮೂಲಕ ಆರ್ಮೇಚರನ್ನು ತಲುಪಿ ಅದನ್ನು ತಿರುಗಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ; ಸಿಲಿಂಡರಿನೊಳಗೆ ಒತ್ತಲ್ಪಟ್ಟ ಗಾಳಿಯ ಕಾವಿಗೇ ಇಂಧನ ಹೊತ್ತಿಕೊಳ್ಳಬೇಕು. ಎಂಜಿನ್ ನಿಧಾನವಾಗಿ ತಿರುಗಿದರೆ ಗಾಳಿ ಸೋರಿಹೋಗಿ, ಕಾವು ಸಾಲದೆ ಬೆಂಕಿ ಹಿಡಿಯದು. ಆದುದರಿಂದ ಬರಿದೇ ತಿರುಗಿಸಿದರೆ ಸಾಲದು, ತಕ್ಕ ವೇಗದಲ್ಲಿ ತಿರುಗಿಸಬೇಕು.

ಇಷ್ಟು ಬಲಕ್ಕೆ ನೂರಾರು ಆಂಪಿಯರ್ ವಿದ್ಯುತ್ಪ್ರವಾಹ ಬೇಕಾಗುತ್ತದೆ. ಇಷ್ಟು ಪ್ರವಾಹ ಹರಿಯುವಾಗ ಮೋಟರಿನ ಸುರುಳಿಗಳು ಕ್ಷಣಕ್ಷಣಕ್ಕೂ ಕಾಯುತ್ತವೆ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು, ಎರಡು ಪ್ರಯತ್ನಗಳ ನಡುವೆ ಒಂದೆರಡು ನಿಮಿಷವಾದರೂ ಬಿಡುವು ಕೊಡಬೇಕು ಎಂಬ ನಿಯಮ ಹುಟ್ಟಿದ್ದು ಇದರಿಂದಲೇ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡು ಎಂಜಿನ್ ಹೊತ್ತಿಕೊಳ್ಳದಿರುವಾಗ ಕೀಲಿಕೈಯನ್ನು ಹಿಡಿದೇ ಇರುವ ಅಭ್ಯಾಸದಿಂದ ಅದೆಷ್ಟೋ ಒಳ್ಳೆಯ ಮೋಟರ್‌ಗಳು ಸುಟ್ಟುಹೋಗಿವೆ.

ಮೊದಲು ತಪ್ಪಿತಸ್ಥ ಯಾರೆಂದು ತಿಳಿಯಿರಿ

ಎಂಜಿನ್ ತಿರುಗಲಿಲ್ಲವೆಂದ ಮಾತ್ರಕ್ಕೆ ಸ್ಟಾರ್ಟರ್ ಕೆಟ್ಟಿದೆಯೆಂದು ಭಾವಿಸುವುದು ಅವಸರದ ತೀರ್ಮಾನವಾಗುತ್ತದೆ. ಬ್ಯಾಟರಿ, ಕೇಬಲ್ ಅಥವಾ ಅರ್ತ್ ಜೋಡಣೆಯ ದೋಷಕ್ಕೆ ಸ್ಟಾರ್ಟರ್ ಬಿಚ್ಚಿಸಿ ಹಣ ತೆತ್ತವರು ಬಂದರಿನಲ್ಲಿ ಕಡಿಮೆಯೇನಿಲ್ಲ.

ಒಂದು ಸಣ್ಣ ಲೆಕ್ಕವನ್ನು ಗಮನಿಸಿ. 12 ವೋಲ್ಟ್ ವ್ಯವಸ್ಥೆಯಲ್ಲಿ 300 ಆಂಪಿಯರ್ ಹರಿಯುವಾಗ ಉಪ್ಪುಹಿಡಿದ ಒಂದು ಟರ್ಮಿನಲ್ ಕೇವಲ 0.01 ಓಮ್‌ನಷ್ಟು ತಡೆಯೊಡ್ಡಿದರೂ 3 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಸ್ಟಾರ್ಟರಿಗೆ ದಕ್ಕುವುದು ಒಂಬತ್ತೇ ವೋಲ್ಟ್. ಉಳಿದ 900 ವ್ಯಾಟ್ ಶಕ್ತಿ ಆ ಟರ್ಮಿನಲನ್ನು ಕಾಯಿಸಲು ವ್ಯಯವಾಗುತ್ತದೆ. ಅದೇ ಟರ್ಮಿನಲಿನಿಂದ ದೀಪ ಉರಿಯುತ್ತದೆ, ವಯರ್‌ಲೆಸ್ ಕೆಲಸ ಮಾಡುತ್ತದೆ. ಏಕೆಂದರೆ ಅವಕ್ಕೆ ಬೇಕಾಗಿರುವುದು ಅತ್ಯಲ್ಪ ಪ್ರವಾಹ. 'ಲೈಟು ಚೆನ್ನಾಗಿ ಉರಿಯುತ್ತಿದೆ, ಬ್ಯಾಟರಿ ಸರಿಯಿದೆ' ಎಂಬ ವಾದ ನಿಲ್ಲದಿರುವುದು ಇದೇ ಕಾರಣಕ್ಕೆ.

ಸಾಮಾನ್ಯ ಮಲ್ಟಿಮೀಟರೊಂದಿದ್ದರೆ ಪರೀಕ್ಷೆ ಸುಲಭ. ಚಾರ್ಜ್ ತುಂಬಿ, ಕೆಲವು ಗಂಟೆ ವಿಶ್ರಾಂತಿ ಪಡೆದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು; 24 ವೋಲ್ಟಿನ ಜೋಡಿಯಾದರೆ 25.2. ಸ್ಟಾರ್ಟರ್ ತಿರುಗಿಸುತ್ತಿರುವಾಗ ಬ್ಯಾಟರಿಯ ಟರ್ಮಿನಲಿನಲ್ಲಿ ಅಳೆದರೆ 12 ವೋಲ್ಟಿನದು ಸುಮಾರು 9.6ಕ್ಕಿಂತ, 24 ವೋಲ್ಟಿನದು ಸುಮಾರು 19ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಬ್ಯಾಟರಿಯನ್ನು ಸಂಶಯಿಸಬೇಕು. ಅನಂತರ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನಾಗ್ರದಲ್ಲಿ, ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಬೋಲ್ಟಿನ ಮೇಲಿರಿಸಿ ತಿರುಗಿಸಿ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆಯಿದೆ ಎಂದರ್ಥ. ಋಣಾಗ್ರದ ಕಡೆಯೂ ಇದೇ ಪರೀಕ್ಷೆ ಅಗತ್ಯ. ಬಹುಪಾಲು ಮಂದಿ ಮರೆಯುವುದು ಈ ಅರ್ತ್ ಕೇಬಲನ್ನೇ.

ಇವೆಲ್ಲ ಸರಿಯಿದ್ದೂ ಎಂಜಿನ್ ಅಲುಗದಿದ್ದರೆ, ಬ್ಯಾಟರಿ ಸಂಪರ್ಕ ಕಳಚಿ, ಮುಂಭಾಗದ ಪುಲ್ಲಿಯ ನಟ್ಟಿಗೆ ಪಾನ ಹಾಕಿ ಎಂಜಿನನ್ನು ಕೈಯಿಂದ ತಿರುಗಿಸಲು ಪ್ರಯತ್ನಿಸಬೇಕು. ತಿರುಗದಿದ್ದರೆ ದೋಷ ಸ್ಟಾರ್ಟರಿನದಲ್ಲ. ಸೈಲೆನ್ಸರ್ ಮೂಲಕ ನೀರು ಸಿಲಿಂಡರಿಗೆ ನುಗ್ಗಿರಬಹುದು. ನೀರನ್ನು ಒತ್ತಿ ಕುಗ್ಗಿಸಲಾಗದು. ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಅಂಥ ವೇಳೆ ಹೊಸ ಸ್ಟಾರ್ಟರ್ ಕೂರಿಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಸದ್ದು ಹೇಳುವ ಕತೆ

ನುರಿತ ಮೆಕ್ಯಾನಿಕ್ ಮೊದಲು ಕೈಹಾಕುವುದಿಲ್ಲ, ಕಿವಿಗೊಡುತ್ತಾನೆ. 'ಟಕಟಕಟಕ' ಎಂದು ಒಂದೇ ಸಮನೆ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಸೋತಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. 'ಟಕ್' ಎಂದು ಒಮ್ಮೆ ಮಾತ್ರ ಕೇಳಿಸಿ ಸುಮ್ಮನಾದರೆ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಬ್ರಶ್ ಸವೆದಿರಬಹುದು. ಮೋಟರ್ 'ಸುಯ್' ಎಂದು ಹಗುರವಾಗಿ ತಿರುಗಿ ಎಂಜಿನ್ ಮಾತ್ರ ನಿಶ್ಚಲವಾಗಿದ್ದರೆ ಬೆಂಡಿಕ್ಸ್ ತುಕ್ಕುಹಿಡಿದು ಮುಂದೆ ಬರುತ್ತಿಲ್ಲ ಅಥವಾ ಅದರ ಕ್ಲಚ್ ಜಾರುತ್ತಿದೆ. 'ಕರಕರ' ಎಂದು ಹಲ್ಲು ಕಡಿದಂತೆ ಕೇಳಿಸಿದರೆ ಬೆಂಡಿಕ್ಸಿನ ಅಥವಾ ಫ್ಲೈವೀಲ್ ರಿಂಗಿನ ಹಲ್ಲುಗಳು ಸವೆದಿವೆ. ಎಂಜಿನ್ ಬಿಸಿಯಾದಾಗ ಮಾತ್ರ ಸ್ಟಾರ್ಟರ್ ಏದುಸಿರುಬಿಟ್ಟಂತೆ ನಿಧಾನಿಸಿದರೆ ಬುಶ್ ಸವೆದು, ಆರ್ಮೇಚರ್ ಪಕ್ಕದ ಗೋಡೆಗೆ ಉಜ್ಜುತ್ತಿರುವ ಸಾಧ್ಯತೆಯಿದೆ. ಸುಟ್ಟ ವಾರ್ನಿಶಿನ ವಾಸನೆ ಬಂದರೆ ಸುರುಳಿಯೇ ಹೋಗಿದೆ.

ಫ್ಲೈವೀಲ್ ರಿಂಗಿನ ಕುರಿತು ಇಲ್ಲಿ ಒಂದು ಮಾತು ಹೇಳಲೇಬೇಕು. ಎಂಜಿನ್ ನಿಲ್ಲುವಾಗ ಸಿಲಿಂಡರಿನ ಒತ್ತಡದಿಂದಾಗಿ ಹೆಚ್ಚುಕಡಿಮೆ ನಿಗದಿತ ಕೆಲವು ಸ್ಥಾನಗಳಲ್ಲಿಯೇ ನಿಲ್ಲುತ್ತದೆ. ಹಾಗಾಗಿ ಬೆಂಡಿಕ್ಸ್ ಪ್ರತಿಸಲವೂ ರಿಂಗಿನ ಅವೇ ಹಲ್ಲುಗಳನ್ನು ಹೊಡೆಯುತ್ತದೆ, ಸವೆತವೂ ಅಲ್ಲಿಯೇ. ಎಂಜಿನನ್ನು ಕೈಯಿಂದ ಸ್ವಲ್ಪ ತಿರುಗಿಸಿದ ಬಳಿಕ ಸ್ಟಾರ್ಟರ್ ಸರಿಯಾಗಿ ಕಚ್ಚಿದರೆ ದೋಷ ರಿಂಗಿನದೆಂದು ತಿಳಿಯಬೇಕು. ಇದನ್ನು ಅರಿಯದೆ ಹೊಸ ಸ್ಟಾರ್ಟರ್ ಹಾಕಿದರೆ ಸವೆದ ರಿಂಗು ಹೊಸ ಬೆಂಡಿಕ್ಸಿನ ಹಲ್ಲನ್ನೂ ತಿಂದುಹಾಕುತ್ತದೆ.

ದುರಸ್ತಿಗೆ ಯೋಗ್ಯವಾದುವು

ಕಾರ್ಬನ್ ಬ್ರಶ್, ಬುಶ್, ಸೊಲೆನಾಯ್ಡ್, ಬೆಂಡಿಕ್ಸ್ ಈ ನಾಲ್ಕೂ ಸವೆಯಲೆಂದೇ ಇರುವ ಭಾಗಗಳು. ಇವುಗಳಲ್ಲಿ ಒಂದೆರಡು ಮಾತ್ರ ಹೋಗಿದ್ದು, ಆರ್ಮೇಚರ್ ಹಾಗೂ ಹೊರಕವಚ ಗಟ್ಟಿಯಾಗಿದ್ದರೆ ದುರಸ್ತಿ ಮಾಡಿಸುವುದು ಜಾಣತನ. ಬ್ರಶ್ ಉಜ್ಜುವ ಕಮ್ಯುಟೇಟರಿನಲ್ಲಿ ಗೀರುಗಳಿದ್ದರೆ ಲೇತಿನಲ್ಲಿ ತೆಳುವಾಗಿ ಹೆರೆಸಿ, ತಾಮ್ರದ ಪಟ್ಟಿಗಳ ನಡುವಣ ಮೈಕಾವನ್ನು ತಗ್ಗಿಸಬೇಕು. ಈ ಎರಡನೆಯ ಕೆಲಸವನ್ನು ಬಿಟ್ಟರೆ ಮೈಕಾ ಮೇಲೆದ್ದು ಹೊಸ ಬ್ರಶ್ ಬೇಗನೆ ಹಾಳಾಗುತ್ತದೆ. ದುರಸ್ತಿ ಮಾಡುವವರಲ್ಲಿ ಆರ್ಮೇಚರಿನ ಪರೀಕ್ಷೆ ನಡೆಸಿದ್ದೀರಾ ಎಂದು ಕೇಳಲು ಸಂಕೋಚ ಬೇಡ. ಬಿಚ್ಚಿದ ಮೇಲೆ ಬ್ರಶ್ ಒಂದನ್ನೇ ಬದಲಾಯಿಸಿ ಬುಶ್ ಹಳೆಯದನ್ನೇ ಉಳಿಸುವುದು ಉಳಿತಾಯವಲ್ಲ; ಬಿಚ್ಚಿ ಜೋಡಿಸುವ ಕೂಲಿಯನ್ನು ಎರಡು ಸಲ ತೆರಬೇಕಾಗುತ್ತದೆ.

ಬದಲಾಯಿಸಲೇಬೇಕಾದ ಸಂದರ್ಭಗಳು

ಆರ್ಮೇಚರ್ ಸುಟ್ಟಿದ್ದರೆ ಹೊಸ ಸ್ಟಾರ್ಟರಿನ ಕಡೆಗೆ ಒಲವು ತೋರುವುದೇ ಲೇಸು. ವೈಂಡಿಂಗ್ ಮಾಡಿಸಲು ಸಾಧ್ಯವಿಲ್ಲವೆಂದಲ್ಲ. ಆದರೆ ನೂರಾರು ಆಂಪಿಯರ್ ತಾಳಬೇಕಾದ ಬೆಸುಗೆಗಳು ಒಂದೇ ಒಂದು ಕಡೆ ದುರ್ಬಲವಾಗಿದ್ದರೂ ಕಾವಿಗೆ ಕಳಚಿಕೊಳ್ಳುತ್ತವೆ. ಮುಂಭಾಗದ ಅಲ್ಯೂಮಿನಿಯಂ ಮೂತಿ ಬಿರುಕುಬಿಟ್ಟಿದ್ದರೆ, ಉಪ್ಪು ತಿಂದು ಬೋಲ್ಟಿನ ತೂತುಗಳು ಸಡಿಲಗೊಂಡಿದ್ದರೆ, ಆರ್ಮೇಚರ್ ಉಜ್ಜಿ ಒಳಗೋಡೆ ಸವೆದಿದ್ದರೆ ಆಗಲೂ ದುರಸ್ತಿ ವ್ಯರ್ಥ.

ಸಮುದ್ರದ ನೀರಿನಲ್ಲಿ ಮುಳುಗಿದ ಸ್ಟಾರ್ಟರಿನ ವಿಷಯ ಬೇರೆ. ತಕ್ಷಣವೇ ಕಳಚಿ ಸಿಹಿನೀರಿನಲ್ಲಿ ತೊಳೆದು, ಅದೇ ದಿನ ಬಿಚ್ಚಿ ಒಣಗಿಸಿದರೆ ಬಹುಮಟ್ಟಿಗೆ ಉಳಿಯುತ್ತದೆ. 'ಬಿಸಿಲಿಗೆ ಒಣಗಿತು' ಎಂದು ಹಾಗೆಯೇ ಬಿಟ್ಟರೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಹೀರುತ್ತಾ ಕಬ್ಬಿಣ ಹಾಗೂ ತಾಮ್ರವನ್ನು ಒಳಗಿಂದೊಳಗೆ ತಿನ್ನುತ್ತದೆ. ವಾರಗಟ್ಟಲೆ ಹಾಗೆ ಬಿದ್ದಿದ್ದ ಮೋಟರನ್ನು ನಂಬಿ ಕಡಲಿಗೆ ಹೋಗುವುದು ಸಲ್ಲದು.

ಯಾವುದೇ ತೀರ್ಮಾನ ಕೈಗೊಂಡರೂ ಕೆಟ್ಟ ಕಾರಣವನ್ನು ಹುಡುಕದಿದ್ದರೆ ಫಲವಿಲ್ಲ. ಮೇಲಿನ ಹೋಸ್‌ನಿಂದ ನೀರು ತೊಟ್ಟಿಕ್ಕುತ್ತಿದೆಯೇ? ಪಂಪಿನ ಸೀಲ್ ಸೋರುತ್ತಿದೆಯೇ? ಬೋಟಿನ ತಳದಲ್ಲಿ ನಿಂತ ನೀರು ಅಲೆಗೆ ಎದ್ದು ಸ್ಟಾರ್ಟರನ್ನು ಮುಟ್ಟುತ್ತಿದೆಯೇ? ಹಳೆಯದನ್ನು ಕೊಂದ ನೀರು ಹೊಸತನ್ನೂ ಬಿಡುವುದಿಲ್ಲ.

ಲೆಕ್ಕ ಹಾಕುವ ಬಗೆ

ದುರಸ್ತಿಯ ಒಟ್ಟು ವೆಚ್ಚ ಹೊಸತರ ಬೆಲೆಯ ಅರ್ಧವನ್ನು ಮೀರಿದರೆ ಹೊಸತನ್ನು ಕೊಳ್ಳಬೇಕೆಂಬುದು ವರ್ಕ್‌ಶಾಪುಗಳಲ್ಲಿ ಚಾಲ್ತಿಯಲ್ಲಿರುವ ಸರಳ ಸೂತ್ರ. ಲಾರಿಗೆ ಈ ಸೂತ್ರ ಸಾಕು. ಲಾರಿ ದಾರಿಯಲ್ಲಿ ನಿಂತರೆ ತಳ್ಳಬಹುದು, ಇನ್ನೊಂದು ವಾಹನದಿಂದ ಎಳೆಸಬಹುದು. ಬೋಟಿನ ಲೆಕ್ಕಕ್ಕೆ ಇನ್ನೊಂದು ಕಲಮು ಸೇರುತ್ತದೆ: ಮುಂದಿನ ಸಲ ಕೆಟ್ಟಾಗ ಬೋಟು ಎಲ್ಲಿರುತ್ತದೆ?

ಉದಾಹರಣೆಗೆ, ಹೊಸ ಸ್ಟಾರ್ಟರಿಗೆ 20,000 ರೂಪಾಯಿ, ದುರಸ್ತಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮುಂಜಾನೆ ಹೋಗಿ ಸಂಜೆ ಮರಳುವ, ಬಂದರು ಕಣ್ಣಳತೆಯಲ್ಲೇ ಇರುವ ಬೋಟಿಗೆ ದುರಸ್ತಿಯೇ ಸರಿ. ಆದರೆ ಎಂಟು ಹತ್ತು ದಿನ ಆಳಸಮುದ್ರದಲ್ಲಿರುವ ಟ್ರಾಲ್ ಬೋಟಿನ ಲೆಕ್ಕ ಹಾಗಲ್ಲ. ತುಂಬಿಸಿದ ಡೀಸೆಲ್, ಮಂಜುಗಡ್ಡೆ, ಕಲಾಸಿಗಳ ಊಟದ ಸಾಮಾನು, ಎಳೆದು ತರುವ ಇನ್ನೊಂದು ಬೋಟಿನ ದಿನದ ದುಡಿಮೆ ಇವೆಲ್ಲ ಒಂದು ಸಣ್ಣ ಕಾಂಟ್ಯಾಕ್ಟಿನ ಜತೆ ಮುಳುಗುತ್ತವೆ. ಉಳಿಸಿದ 14,000 ರೂಪಾಯಿ ಆಗ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಬೋಟಿನ ಫ್ಯಾನಿಗೆ ಬಲೆ ಸಿಲುಕಿ ಎಂಜಿನ್ ನಿಂತು, ಬಲೆ ಬಿಡಿಸಿದ ಮೇಲೂ ಚಾಲೂ ಆಗದಿದ್ದರೆ, ಅದೂ ಗಾಳಿ ಎದ್ದ ಹೊತ್ತಿನಲ್ಲಿ ಅಥವಾ ಅಳಿವೆಯ ಸಮೀಪ ಹಾಗಾದರೆ, ಲೆಕ್ಕ ರೂಪಾಯಿಯದಾಗಿ ಉಳಿಯುವುದಿಲ್ಲ, ಜೀವದ್ದಾಗುತ್ತದೆ.

ಹಾಗಾದರೆ ಆಳಸಮುದ್ರದ ಬೋಟಿಗೆ ದುರಸ್ತಿ ಬೇಡವೇ? ಬೇಕು. ಹೊಸತನ್ನು ಎಂಜಿನ್ನಿಗೆ ಕೂರಿಸಿ, ಹಳೆಯದನ್ನು ದುರಸ್ತಿ ಮಾಡಿಸಿ, ಒಮ್ಮೆ ಅದೇ ಎಂಜಿನ್ನಿಗೆ ಜೋಡಿಸಿ ಪರೀಕ್ಷಿಸಿ, ಗ್ರೀಸ್ ಸವರಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಅದಕ್ಕೆ ಬೇಕಾದ ಪಾನಗಳ ಸಮೇತ ಬೋಟಿನಲ್ಲಿಡುವುದು ಅತ್ಯುತ್ತಮ ಮಾರ್ಗ. ದುರಸ್ತಿ ಮತ್ತು ಬದಲಾವಣೆಗಳನ್ನು ಎದುರಾಳಿಗಳೆಂದು ನೋಡುವುದಕ್ಕಿಂತ ಜೋಡಿಯೆಂದು ನೋಡುವುದು ಮೇಲು. ಹೊಸತು ದುಡಿಯಲು, ಹಳೆಯದು ಕಾಯಲು. ಆರ್ಮೇಚರ್ ಸುಟ್ಟ ಮೋಟರಿಗೆ ಈ ಮಾತು ಅನ್ವಯಿಸದು. ಅಂಥದ್ದು ಗುಜರಿಗೇ ಯೋಗ್ಯ.

ಕೊಳ್ಳುವಾಗಿನ ಎಚ್ಚರ

ನಮ್ಮ ಬೋಟುಗಳಲ್ಲಿ ಲಾರಿ ಎಂಜಿನ್ನುಗಳನ್ನೇ ಸಮುದ್ರದ ಬಳಕೆಗೆ ಹೊಂದಿಸಿದ ಎಂಜಿನ್ನುಗಳೂ ಇರುವುದರಿಂದ ಲಾರಿಯ ಸ್ಟಾರ್ಟರ್ ಕೂಡ ಕೂರುವ ಸಂದರ್ಭಗಳಿವೆ. ಕೂರುವುದು ಬೇರೆ, ಹೊಂದುವುದು ಬೇರೆ. ವೋಲ್ಟ್, ಕಿಲೋವ್ಯಾಟ್, ಬೆಂಡಿಕ್ಸಿನ ಹಲ್ಲುಗಳ ಸಂಖ್ಯೆ, ತಿರುಗುವ ದಿಕ್ಕು, ಬೋಲ್ಟ್ ತೂತುಗಳ ಅಂತರ ಇವಿಷ್ಟನ್ನೂ ಹಳೆಯದರೊಂದಿಗೆ ಹೋಲಿಸಬೇಕು.

ಇನ್ನೊಂದು ಸೂಕ್ಷ್ಮ ಅಂಶವಿದೆ. ಲಾರಿಯ ಸ್ಟಾರ್ಟರಿನಲ್ಲಿ ವಿದ್ಯುತ್ತು ಸಾಮಾನ್ಯವಾಗಿ ಎಂಜಿನ್ನಿನ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಕೆಲವು ಸಮುದ್ರ ಎಂಜಿನ್ನುಗಳಲ್ಲಿ, ಮುಖ್ಯವಾಗಿ ಲೋಹದ ಒಡಲಿನ ಬೋಟುಗಳಲ್ಲಿ, ಹಾಗಾಗದಂತೆ ಪ್ರತ್ಯೇಕ ಋಣ ಕೇಬಲ್ ಇರುತ್ತದೆ. ಅಲ್ಲಿ ಲಾರಿಯ ಮೋಟರ್ ಹಾಕಿದರೆ ಎಂಜಿನ್ ಓಡುತ್ತದೆ, ಆದರೆ ನೀರಿನೊಳಗಿನ ಲೋಹಭಾಗಗಳು ವಿದ್ಯುತ್ತಿನಿಂದ ಸವೆಯುವ ದಾರಿ ತೆರೆದುಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನ ಬೋಟಿಗಂತೂ ಕಿಡಿ ಹೊರಬೀಳದಂತೆ ಮುಚ್ಚಿದ ಸಮುದ್ರಬಳಕೆಯ ಸ್ಟಾರ್ಟರೇ ಆಗಬೇಕು. ಎಂಜಿನ್ ಕೋಣೆಯಲ್ಲಿ ಪೆಟ್ರೋಲಿನ ಆವಿ ಸೇರಿದ್ದಾಗ ಒಂದು ಕಿಡಿ ಸಾಕು, ಅನಾಹುತಕ್ಕೆ.

ಬಿಲ್ಲು ಹಾಗೂ ವಾರಂಟಿ ಕಾರ್ಡಿಲ್ಲದ ಅಗ್ಗದ ಮಾಲಿನಿಂದ ದೂರವಿರುವುದೇ ಕ್ಷೇಮ.

ಕಡಲಿನಲ್ಲಿ ಕೈಕೊಟ್ಟರೆ

ಬ್ರಶ್ ಸಿಕ್ಕಿಕೊಂಡಿದ್ದರೆ ಸ್ಟಾರ್ಟರಿನ ಮೈಗೆ ಮರದ ತುಂಡಿನಿಂದ ಮೆಲ್ಲನೆ ತಟ್ಟಿದಾಗ ಒಮ್ಮೆ ಓಡುವುದುಂಟು. ಅದನ್ನು ದುರಸ್ತಿಯೆಂದು ಭಾವಿಸದೆ ದಡಕ್ಕೆ ಮರಳಲು ಸಿಕ್ಕ ಅವಕಾಶವೆಂದು ತಿಳಿಯಬೇಕು. ಸುತ್ತಿಗೆಯಿಂದ ಬಡಿದರೆ, ಕಾಯಂ ಅಯಸ್ಕಾಂತವಿರುವ ಮೋಟರಿನಲ್ಲಿ ಅಯಸ್ಕಾಂತವೇ ಒಡೆದೀತು. ಸ್ಕ್ರೂಡ್ರೈವರ್ ಅಡ್ಡಹಿಡಿದು ಸೊಲೆನಾಯ್ಡ್ ಕೂಡಿಸುವ ಸಾಹಸ ಕೈ ಸುಡುತ್ತದೆ; ಗೇರು ನ್ಯೂಟ್ರಲಿನಲ್ಲಿ ಇಲ್ಲದಿದ್ದರೆ ಬೋಟು ಹಠಾತ್ತನೆ ಮುನ್ನುಗ್ಗುತ್ತದೆ. ಸ್ಟಾರ್ಟರ್ ಕಳಚುವ ಮೊದಲು ಬ್ಯಾಟರಿಯ ಋಣಾಗ್ರವನ್ನು ಬಿಚ್ಚುವುದನ್ನು ಮರೆಯಬಾರದು.

ಎಂಜಿನ್ ಚಾಲೂ ಆಗುವ ಭರವಸೆ ಇಲ್ಲವೆನಿಸಿದರೆ ಉಳಿದ ಬ್ಯಾಟರಿಯನ್ನು ವ್ಯರ್ಥ ಪ್ರಯತ್ನಗಳಿಗೆ ಸುರಿಯದೆ ವಯರ್‌ಲೆಸ್‌ಗಾಗಿ ಉಳಿಸಿಕೊಳ್ಳಬೇಕು. ಆಳ ಅನುಕೂಲವಿದ್ದರೆ ಲಂಗರು ಹಾಕಿ, ಸುತ್ತಲಿನ ಬೋಟುಗಳಿಗೆ ಸುದ್ದಿ ಮುಟ್ಟಿಸಬೇಕು. ಅಪಾಯವಿದ್ದಲ್ಲಿ ವಿಎಚ್ಎಫ್ 16ನೇ ಚಾನೆಲಿನಲ್ಲಿ ನೆರವು ಕೋರಬಹುದು. ಮೊಬೈಲ್ ಸಂಪರ್ಕ ಸಿಗುವಲ್ಲಿ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗೆ ಕರೆ ಮಾಡಬಹುದು.

ಆದರೆ ಇವೆಲ್ಲ ಕೊನೆಯ ಮಾತು. ಮೊದಲ ಮಾತು ದಕ್ಕೆಯಲ್ಲಿಯೇ ಆಡಬೇಕಾದದ್ದು. ನಿಷೇಧದ ಎರಡು ತಿಂಗಳು ಬಲೆಗೆ, ಬಣ್ಣಕ್ಕೆ ಕೊಡುವ ಸಮಯದಲ್ಲಿ ಅರ್ಧ ದಿನವನ್ನು ಈ ಪುಟ್ಟ ಮೋಟರಿಗೆ ಮೀಸಲಿಡಿ. ಜುಲೈ ಕೊನೆಯವರೆಗೆ ಕಾಯದೆ ಜೂನಿನಲ್ಲೇ ಬಿಚ್ಚಿಸಿ ನೋಡಿದರೆ ಬಿಡಿಭಾಗ ತರಿಸಲು ಸಮಯವಿರುತ್ತದೆ, ಮೆಕ್ಯಾನಿಕ್‌ಗೂ ಬಿಡುವಿರುತ್ತದೆ, ದುರಸ್ತಿಯೋ ಬದಲಾವಣೆಯೋ ಎಂದು ಸಾವಧಾನವಾಗಿ ಯೋಚಿಸಲೂ ಅವಕಾಶವಿರುತ್ತದೆ. ಸಮುದ್ರಪೂಜೆ ಮುಗಿಸಿ ಬೋಟು ಹೊರಟ ಮೇಲೆ ಆ ಆಯ್ಕೆ ನಮ್ಮ ಕೈಯಲ್ಲಿ ಉಳಿಯುವುದಿಲ್ಲ.